58 ಮಕ್ಕಳು, ಐದು ತರಗತಿ, ಇಬ್ಬರು ಶಿಕ್ಷಕರು: ಲೆಕ್ಕ ತಪ್ಪಿದ್ದು ಎಲ್ಲಿ?

ತೋಟದ ಶಾಲೆಯ ಶಿಕ್ಷಕಿ, ಅಥಣಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರಗಳು. ನಾನು ಅಥಣಿ ತಾಲ್ಲೂಕಿನ ಒಂದು ತೋಟದ ವಸತಿಯಲ್ಲಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಶಿಕ್ಷಕಿಯಾಗಿದ್ದೇನೆ. ನಮ್ಮ ಕಡೆ ಊರೊಳಗೆ ಮನೆಯಿದ್ದರೂ ರೈತರು ಹೊಲದಲ್ಲಿಯೇ ವಾಸಿಸುವುದು ವಾಡಿಕೆಯಾದ್ದರಿಂದ, ಮೂಲ ಊರಿನಿಂದ ಮೂರು ನಾಲ್ಕು ಕಿಲೋಮೀಟರ್ ದೂರದಲ್ಲಿ, ಕಬ್ಬಿನ ತೋಟಗಳ ನಡುವೆ ಇಂತಹ ಶಾಲೆಗಳು ಹುಟ್ಟಿಕೊಂಡಿವೆ. ನಮ್ಮಲ್ಲಿ ಈಗ ಒಂದರಿಂದ ಐದನೆಯ ತರಗತಿಯವರೆಗೆ 58 ಮಕ್ಕಳಿದ್ದಾರೆ. ಎರಡು ವರ್ಷಗಳ ಹಿಂದೆ 63 ಮಕ್ಕಳಿದ್ದಾಗ ನಾವು ಮೂವರು ಶಿಕ್ಷಕರಿದ್ದೆವು. ಐದು ಮಕ್ಕಳು ಕಡಿಮೆಯಾದ ಕೂಡಲೇ ಒಬ್ಬರನ್ನು ಹೆಚ್ಚುವರಿ ಎಂದು ಗುರುತಿಸಿ ಬೇರೆ ಶಾಲೆಗೆ ಕಳುಹಿಸಲಾಯಿತು.

ಈಗ ನನ್ನ ಸಹೋದ್ಯೋಗಿ ಒಂದು, ಎರಡು ಮತ್ತು ಮೂರನೆಯ ತರಗತಿಯ 34 ಮಕ್ಕಳನ್ನು ನಲಿ-ಕಲಿ (ಮೂರೂ ತರಗತಿಗಳನ್ನು ಕೂಡಿಸಿ ಕಾರ್ಡುಗಳ ಮೂಲಕ ಕಲಿಸುವ ವಿಧಾನ) ಕೊಠಡಿಯಲ್ಲಿ ನೋಡಿಕೊಳ್ಳುತ್ತಾರೆ. ನಾಲ್ಕು ಮತ್ತು ಐದನೆಯ ತರಗತಿಯ 24 ಮಕ್ಕಳು ನನ್ನ ಪಾಲಿಗೆ. ಭಾಗಿಸಿದರೆ ಒಬ್ಬ ಶಿಕ್ಷಕರಿಗೆ 29 ಮಕ್ಕಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಾಲೆಯಲ್ಲಿ ಈ ಪ್ರಮಾಣ 30ಕ್ಕಿಂತ ಕಡಿಮೆ ಇರಬೇಕೆಂದು ಹೇಳುತ್ತದೆ. ಅಂದರೆ ಕಾಗದದ ಮೇಲೆ ನಮ್ಮದು ಮಾದರಿ ಶಾಲೆ.

ಆದರೆ ನನ್ನ ಕೊಠಡಿಯಲ್ಲಿ ನಡೆಯುವುದು ಹೀಗೆ. ಐದನೆಯ ತರಗತಿಯವರಿಗೆ ಭಿನ್ನರಾಶಿ ಹೇಳಿಕೊಡುವಾಗ ನಾಲ್ಕನೆಯ ತರಗತಿಯವರು ಪಾಠದ ಪ್ರಶ್ನೋತ್ತರಗಳನ್ನು ಬರೆದುಕೊಳ್ಳುತ್ತಿರುತ್ತಾರೆ. ನಾಲ್ಕನೆಯವರ ಪರಿಸರ ಅಧ್ಯಯನಕ್ಕೆ ತಿರುಗಿದೊಡನೆ ಐದನೆಯವರಿಗೆ ಬರೆಯುವ ಸರದಿ. "ಬರೆದುಕೊಳ್ಳಿರಿ" ಎಂಬ ಮಾತನ್ನು ದಿನಕ್ಕೆ ಎಷ್ಟು ಸಲ ಆಡುತ್ತೇನೆಂದು ಒಂದು ದಿನ ಎಣಿಸಿ ನೋಡಿದೆ. ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ ಹದಿನಾಲ್ಕಾಗಿತ್ತು. ಮುಂದೆ ಎಣಿಸುವ ಧೈರ್ಯ ಬರಲಿಲ್ಲ. ಸಹೋದ್ಯೋಗಿ ತರಬೇತಿಗೋ ಸಭೆಗೋ ಹೋದ ದಿನ ಐದೂ ತರಗತಿಗಳು ನನ್ನವೇ.

ಶಿಕ್ಷಣ ಹಕ್ಕು ಕಾಯ್ದೆಯಂತೆ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆ ಆಗಬೇಕು. ಅಂದರೆ ದಿನಕ್ಕೆ ನಾಲ್ಕು ಗಂಟೆ. ಒಬ್ಬರೇ ಐದು ತರಗತಿ ನೋಡುವ ದಿನ ಒಂದೊಂದು ತರಗತಿಗೆ 48 ನಿಮಿಷ ಸಿಗುತ್ತದೆ. ಅದನ್ನು ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನಕ್ಕೆ ಹಂಚಿದರೆ ವಿಷಯಕ್ಕೆ 12 ನಿಮಿಷ. ಈ ಹನ್ನೆರಡು ನಿಮಿಷ ಯಾವ ದಾಖಲೆಯಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಎಲ್ಲ ನಮೂನೆಗಳೂ ಮಕ್ಕಳ ತಲೆಯನ್ನು ಎಣಿಸುತ್ತವೆ, ತರಗತಿಯನ್ನು ಎಣಿಸುವುದಿಲ್ಲ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬುದಕ್ಕೆ ಮಿತಿಯಿದ್ದ ಮೇಲೆ, ಎಷ್ಟು ತರಗತಿಗಳು ಎಂಬುದಕ್ಕೂ ಮಿತಿ ಇರಬೇಡವೇ? ಇದರ ಬಗ್ಗೆ ಒಂದು ಮನವಿ ಸಿದ್ಧಪಡಿಸಬೇಕೆಂದಿದ್ದೇನೆ. ಅನುಭವಿಗಳು ದಯವಿಟ್ಟು ತಮ್ಮ ಅಭಿಪ್ರಾಯ ತಿಳಿಸಬೇಕು.

ನಿವೃತ್ತ ಮುಖ್ಯಗುರು, ಜಮಖಂಡಿ

ಅಕ್ಕೋರೆ, ನಿಮ್ಮ ಬರಹ ಓದಿ ನನ್ನ ಮೊದಲ ಶಾಲೆ ಕಣ್ಣೆದುರು ಬಂತು. 1983ರಲ್ಲಿ ನಾನು ಸೇರಿದಾಗ ಅದು ಏಕೋಪಾಧ್ಯಾಯ ಶಾಲೆ. ಒಂದು ಕೋಣೆ, ಒಂದು ಪಡಸಾಲೆ, ನಾಲ್ಕು ಇಯತ್ತೆ (ತರಗತಿ), ನಾನೊಬ್ಬ ಮಾಸ್ತರ. ನಾಲ್ಕನೆಯ ಇಯತ್ತೆಯ ಹುಡುಗರು ಒಂದನೆಯವರ ಪಾಟಿಯ ಮೇಲೆ ಅಕ್ಷರ ಬರೆದುಕೊಡುತ್ತಿದ್ದರು, ಮೂರನೆಯವರು ಎರಡನೆಯವರಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಈಗ ಇದಕ್ಕೆ ಗೆಳೆಯರ ಬೆಂಬಲ ಎಂದು ಚಂದದ ಹೆಸರಿದೆ. ಆಗ ನಮಗೆ ಅದು ಗತಿಯಿಲ್ಲದೆ ಮಾಡಿಕೊಂಡ ವ್ಯವಸ್ಥೆಯಾಗಿತ್ತು. ಆದರೂ ಹೇಳುತ್ತೇನೆ, ಕಲಿಸುತ್ತ ಕಲಿಸುತ್ತ ಆ ದೊಡ್ಡ ಹುಡುಗರಿಗೆ ಮಗ್ಗಿ ಕಲ್ಲಿನಲ್ಲಿ ಕೆತ್ತಿದಂತಾಗುತ್ತಿತ್ತು. ಆದ್ದರಿಂದ ಮಿಶ್ರ ತರಗತಿ ಎಂಬುದೇ ಕೆಡುಕು ಎಂಬ ಧಾಟಿಯಲ್ಲಿ ಮನವಿ ಬರೆಯಬೇಡಿರಿ.

ಈ "ಇಬ್ಬರು" ಎಂಬ ಲೆಕ್ಕ ಎಲ್ಲಿಂದ ಬಂತೆಂಬುದನ್ನೂ ನೆನಪಿಡಬೇಕು. 1986ರ ಶಿಕ್ಷಣ ನೀತಿಯ ನಂತರ, 1987ರಲ್ಲಿ ಕಪ್ಪುಹಲಗೆ ಕಾರ್ಯಾಚರಣೆ ಎಂಬ ಯೋಜನೆ ಬಂತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಕನಿಷ್ಠ ಇಬ್ಬರು ಶಿಕ್ಷಕರು, ಸಾಧ್ಯವಾದ ಕಡೆ ಅವರಲ್ಲಿ ಒಬ್ಬರು ಮಹಿಳೆ ಇರಬೇಕೆಂಬುದು ಅದರ ಉದ್ದೇಶ. ಒಬ್ಬನೇ ಇದ್ದ ನನ್ನಂಥವರಿಗೆ ಎರಡನೆಯವರು ಬಂದದ್ದು ಹಬ್ಬವೇ ಆಗಿತ್ತು. ಆದರೆ ಅಂದು ಕನಿಷ್ಠ ಎಂದು ಹೇಳಿದ್ದು ಇಂದು ಸಣ್ಣ ಶಾಲೆಗಳ ಪಾಲಿಗೆ ಗರಿಷ್ಠವಾಗಿ ಕುಳಿತಿದೆ. ನನ್ನ ತಕರಾರು ಇಷ್ಟೇ.

ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಇಂಡಿ ತಾಲ್ಲೂಕು

ಮನವಿ ಬರೆಯುವ ಮೊದಲು ಕಾಯ್ದೆಯ ಅನುಸೂಚಿಯನ್ನು ಎಲ್ಲರೂ ಒಮ್ಮೆ ಸರಿಯಾಗಿ ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಸಭೆಗಳಲ್ಲಿ ಬಹಳ ಜನ "30ಕ್ಕೆ ಒಬ್ಬರು" ಎಂದಷ್ಟೇ ಹೇಳಿ ಕೂರುತ್ತಾರೆ. 2009ರ ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು. 91ರಿಂದ 120ಕ್ಕೆ ನಾಲ್ವರು. 121ರಿಂದ 200ಕ್ಕೆ ಐವರು. ಮಕ್ಕಳು 150 ದಾಟಿದರೆ ಐವರ ಜೊತೆಗೆ ಒಬ್ಬ ಮುಖ್ಯಶಿಕ್ಷಕರು. 200 ದಾಟಿದ ಮೇಲೆ ಮುಖ್ಯಶಿಕ್ಷಕರನ್ನು ಬಿಟ್ಟು ಒಬ್ಬರಿಗೆ 40ಕ್ಕಿಂತ ಹೆಚ್ಚು ಮಕ್ಕಳು ಇರಬಾರದು.

ಈ ಪಟ್ಟಿಯನ್ನು ತಿರುವಿ ಹಾಕಿ ಓದಿದರೆ ಅಕ್ಕೋರ ಪ್ರಶ್ನೆಯ ತೂಕ ತಿಳಿಯುತ್ತದೆ. ಐದು ತರಗತಿಗೆ ಐವರು ಶಿಕ್ಷಕರು ಬೇಕೆಂದರೆ ಶಾಲೆಯಲ್ಲಿ 121 ಮಕ್ಕಳಿರಬೇಕು. ಅದಕ್ಕಿಂತ ಕಡಿಮೆ ಮಕ್ಕಳಿರುವ ಪ್ರತಿಯೊಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿಯೂ ಎಲ್ಲಿಯೋ ಒಂದು ಕಡೆ ಎರಡು ತರಗತಿ ಕೂಡಿಯೇ ಕೂಡುತ್ತವೆ. ಇಷ್ಟಾದರೂ ಅನುಸೂಚಿಯ ಆ ಭಾಗದಲ್ಲಿ ಮಿಶ್ರ ತರಗತಿಯ ಬಗ್ಗೆ ಒಂದು ಸಾಲೂ ಇಲ್ಲ.

ಅದೇ ಅನುಸೂಚಿ ಆರರಿಂದ ಎಂಟನೆಯ ತರಗತಿಗೆ ಬಂದಾಗ ಭಾಷೆ ಬದಲಿಸುತ್ತದೆ. ಅಲ್ಲಿ ಪ್ರತಿ ತರಗತಿಗೆ ಕನಿಷ್ಠ ಒಬ್ಬ ಶಿಕ್ಷಕರು, ಜೊತೆಗೆ 35 ಮಕ್ಕಳಿಗೆ ಒಬ್ಬರು ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಕಾಯ್ದೆಗೆ ತರಗತಿ ಎಣಿಸುವುದು ಗೊತ್ತಿಲ್ಲವೆಂದಲ್ಲ. ಹನ್ನೊಂದು ವರ್ಷದ ಮಗುವಿಗೆ ತರಗತಿ ಎಣಿಸುತ್ತದೆ, ಆರು ವರ್ಷದ ಮಗುವಿಗೆ ತಲೆ ಎಣಿಸುತ್ತದೆ. ಯಾರಿಗೆ ಹೆಚ್ಚು ಆಸರೆ ಬೇಕೆಂದು ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ.

ಇನ್ನೊಂದು ವಿಷಯ ನಮ್ಮ ಭಾಗಕ್ಕೇ ವಿಶೇಷವಾದದ್ದು. ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯು-ಡೈಸ್ ವ್ಯವಸ್ಥೆಯ ದಾಖಲಾತಿಗೆ ಬಹಳ ವರ್ಷ ಸೆಪ್ಟೆಂಬರ್ 30ರ ಎಣಿಕೆಯೇ ಆಧಾರವಾಗಿ ಬಂದಿದೆ. ನಮ್ಮ ತಾಂಡಾಗಳಿಂದ ಕಬ್ಬು ಕಡಿಯಲು ಗ್ಯಾಂಗ್ ಹೊರಡುವುದು ದಸರಾ, ದೀಪಾವಳಿಯ ಆಸುಪಾಸಿನಲ್ಲಿ. ಆಗ ನಮ್ಮ ಶಾಲೆಗಳು ಅರ್ಧ ಬರಿದಾಗುತ್ತವೆ; ಅದೇ ವೇಳೆಗೆ ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳ ಸುತ್ತಲಿನ ಶಾಲೆಗಳ ಬಾಗಿಲಲ್ಲಿ ಹೊರಗಿನಿಂದ ಬಂದ ಮಕ್ಕಳು ನಿಲ್ಲುತ್ತಾರೆ. ಗ್ಯಾಂಗ್ ತಿರುಗಿ ಬರುವುದು ಮಾರ್ಚ್ ಹೊತ್ತಿಗೆ. ಒಂದು ದಿನದ ಎಣಿಕೆಗೆ ಇಡೀ ವರ್ಷದ ಸತ್ಯ ಸಿಗುವುದಿಲ್ಲ. ಐದು ತಿಂಗಳು ಬಿಟ್ಟು ಬಂದ ನಾಲ್ಕನೆಯ ತರಗತಿಯ ಹುಡುಗ ಹೆಸರಿಗೆ ನಾಲ್ಕನೆಯವನು, ಓದಿಗೆ ಎರಡನೆಯವನು. ಒಂದೇ ತರಗತಿ ಎಂದು ಬರೆದಿರುವ ಕಡೆಯೂ ಒಳಗೆ ಮೂರು ತರಗತಿ ಇರುತ್ತವೆ.

ಇಬ್ಬರು ಮಕ್ಕಳ ತಾಯಿ, ಬೆಳಗಾವಿ ನಗರ

ಹಳ್ಳಿ ಶಾಲೆಯ ಚರ್ಚೆಯಲ್ಲಿ ನಗರದವಳು ಬಾಯಿ ಹಾಕುತ್ತಿದ್ದೇನೆಂದು ತಪ್ಪು ತಿಳಿಯಬಾರದು. ನನ್ನ ಚಿಕ್ಕ ಮಗಳು ಓದುವ ಖಾಸಗಿ ಶಾಲೆಯಲ್ಲಿ ಎರಡನೆಯ ತರಗತಿಯ ಒಂದೇ ವಿಭಾಗದಲ್ಲಿ 61 ಮಕ್ಕಳಿದ್ದಾರೆ. ಒಂದು ಬೆಂಚಿಗೆ ನಾಲ್ವರು. ಕೊನೆಯ ಸಾಲಿನ ಮಗು ಬರೆದ ಪುಟವನ್ನು ಶಿಕ್ಷಕಿ ನೋಡುವುದು ವಾರಕ್ಕೊಮ್ಮೆ, ಅದೂ ಸಹಿಗಾಗಿ. ಪಾಲಕರ ಸಭೆಯಲ್ಲಿ ಪ್ರಶ್ನಿಸಿದೆ. ಇಡೀ ಶಾಲೆಯ ಮಕ್ಕಳನ್ನು ಇಡೀ ಶಾಲೆಯ ಶಿಕ್ಷಕರಿಂದ ಭಾಗಿಸಿ ತೋರಿಸಿದರು. ಪ್ರಮಾಣ 30ರ ಒಳಗೇ ಬಂತು. ಆಟದ ಶಿಕ್ಷಕರು, ಚಿತ್ರಕಲಾ ಶಿಕ್ಷಕರು, ಎಂಟು ಒಂಬತ್ತನೆಯ ತರಗತಿಗೆ ಮಾತ್ರ ಹೋಗುವವರು ಎಲ್ಲರೂ ಆ ಲೆಕ್ಕದಲ್ಲಿದ್ದರು. ನನ್ನ ಮಗಳ ಕೊಠಡಿಯಲ್ಲಿ ಮಾತ್ರ ಆ ಹೊತ್ತಿಗೆ ಒಬ್ಬರೇ ಇರುತ್ತಾರೆ.

ಶಿಕ್ಷಕಿಯವರ ಕೊಠಡಿಯಲ್ಲಿ 24 ಮಕ್ಕಳೆಂದು ಓದಿ ನನಗೆ ಮೊದಲು ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹನ್ನೆರಡು ನಿಮಿಷದ ಲೆಕ್ಕ ಓದಿದ ಮೇಲೆ ಅದು ಹೋಯಿತು. ಇಬ್ಬರ ಸಂಕಟದ ಬೇರು ಒಂದೇ ಎಂದು ತೋರುತ್ತದೆ: ಸರಾಸರಿ ತೆಗೆದು ಕೊಠಡಿಯೊಳಗಿನ ಸ್ಥಿತಿಯನ್ನು ಮರೆಮಾಡುವುದು.

ಬ್ಯಾಂಕ್ ನೌಕರ, ಬಾಗಲಕೋಟೆ ನವನಗರ

ನಾನು ಶಿಕ್ಷಕನಲ್ಲ, ಆದರೆ ತೆರಿಗೆ ಕಟ್ಟುವವನಾಗಿ ಒಂದು ನೇರ ಪ್ರಶ್ನೆ ಕೇಳುತ್ತೇನೆ. 58 ಮಕ್ಕಳಿಗೆ ಐವರು ಶಿಕ್ಷಕರನ್ನು ಕೊಡಲು ಸಾಧ್ಯವೇ? ಮೂರು ಕಿಲೋಮೀಟರ್ ಒಳಗಿನ ಮೂರು ತೋಟದ ಶಾಲೆಗಳನ್ನು ಒಂದುಗೂಡಿಸಿದರೆ 150 ಮಕ್ಕಳಾಗುತ್ತಾರೆ, ಐದು ತರಗತಿಗೆ ಐವರು ಬರುತ್ತಾರೆ, ಮಿಶ್ರ ತರಗತಿಯ ಗೋಳೇ ಇರುವುದಿಲ್ಲ. ಒಂದು ವಾಹನ ಇಟ್ಟರೆ ಮುಗಿಯಿತು. ಆಲಮಟ್ಟಿಯ ಹಿನ್ನೀರಿನಿಂದ ಮುಳುಗಿದ ನಮ್ಮ ಊರುಗಳನ್ನೇ ಎತ್ತಿ ಪುನರ್ವಸತಿ ಕೇಂದ್ರಗಳಿಗೆ ತಂದರು. ಊರೇ ಸ್ಥಳ ಬದಲಿಸಬಹುದಾದರೆ ಶಾಲೆ ಬದಲಿಸಬಾರದೇ?

ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ) ಸದಸ್ಯ, ತಿಕೋಟಾ ತಾಲ್ಲೂಕು

ಸಾಹೇಬರೆ, ನೀವು ಹೇಳಿದ ವಾಹನ ಮೊದಲ ವರ್ಷ ಬರುತ್ತದೆ, ಎರಡನೆಯ ವರ್ಷ ಬಾಡಿಗೆ ಬಾಕಿ ಉಳಿಯುತ್ತದೆ, ಮೂರನೆಯ ವರ್ಷ ಮಕ್ಕಳು ನಡೆಯುತ್ತಾರೆ. ನಮ್ಮ ವಸತಿಯ ದಾರಿ ನೀವು ನೋಡಿಲ್ಲ. ಸುಗ್ಗಿಯ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು ಹಗಲೂ ರಾತ್ರಿ ಓಡುವ ರಸ್ತೆ ಅದು. ಆರು ವರ್ಷದ ಕೂಸನ್ನು ಅದರ ಅಂಚಿನಲ್ಲಿ ನಡೆಸಿಕೊಂಡು ಹೋಗಲು ಮನೆಯಲ್ಲಿ ಯಾರು ಕುಳಿತಿರುತ್ತಾರೆ? ಐದನೆಯ ತರಗತಿಯವರೆಗಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ಕಾಯ್ದೆಯ ನಿಯಮಗಳು ಹೇಳುವುದು ಸುಮ್ಮನೆ ಅಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ನಮ್ಮಲ್ಲಿ ಐದನೆಯ ತರಗತಿ ಮುಗಿದ ಮೇಲೆ ದೂರದ ಶಾಲೆಗೆ ಕಳುಹಿಸುವಾಗ ಮನೆಮನೆಗೆ ಹೋಗಿ ಕೈಮುಗಿಯುತ್ತೇವೆ. ಆ ಕೈಮುಗಿಯುವಿಕೆಯನ್ನು ಒಂದನೆಯ ತರಗತಿಗೇ ತರಬೇಡಿರಿ. ಮುಳುಗಡೆಯ ಉದಾಹರಣೆ ಕೊಟ್ಟಿರಿ; ಅಲ್ಲಿ ಊರೂ ಶಾಲೆಯೂ ಜೊತೆಗೇ ಸ್ಥಳ ಬದಲಿಸಿದವು, ಶಾಲೆಯೊಂದೇ ಅಲ್ಲ.

ಬ್ಯಾಂಕ್ ನೌಕರ, ಬಾಗಲಕೋಟೆ ನವನಗರ

ದಾರಿಯ ವಿಷಯ ಒಪ್ಪಿದೆ. ಆದರೆ ಒಂದು ಶಾಲೆಯಲ್ಲಿ ಏಳೆಂಟು ಮಕ್ಕಳಷ್ಟೇ ಉಳಿದಿದ್ದರೆ ಆಗಲಾದರೂ ಕೂಡಿಸುವುದು ನ್ಯಾಯವಲ್ಲವೇ? ಎಲ್ಲ ಶಾಲೆಗೂ ಒಂದೇ ಉತ್ತರ ಕೊಡುವುದನ್ನು ಎರಡೂ ಕಡೆಯವರು ಬಿಡಬೇಕು.

ನಲಿ-ಕಲಿ ಶಿಕ್ಷಕ, ಹುನಗುಂದ ತಾಲ್ಲೂಕು

ಮಿಶ್ರ ತರಗತಿಯೆಂದರೆ ಬರೀ ಕೊರತೆಯ ಹೆಸರಲ್ಲ ಎಂದು ಜಮಖಂಡಿಯ ಗುರುಗಳು ಹೇಳಿದ್ದಕ್ಕೆ ನನ್ನದೊಂದಿಷ್ಟು ಸೇರಿಸುತ್ತೇನೆ. ನಲಿ-ಕಲಿ ಹುಟ್ಟಿದ್ದೇ ಈ ಸಮಸ್ಯೆಗೆ ಉತ್ತರವಾಗಿ. ಆಂಧ್ರದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಆರಂಭಿಸಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲಿ ತರಗತಿಯ ಗೋಡೆಯನ್ನೇ ತೆಗೆದುಹಾಕಿ ಕಲಿಕಾ ಏಣಿಯನ್ನು ಇಟ್ಟರು. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿರುತ್ತದೆ, ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ, ಆ ಕಾರ್ಡಿನ ಚಿತ್ರಕ್ಕೆ ಹೊಂದುವ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಹೋಗಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ, ಮತ್ತೆರಡಕ್ಕೆ ಗೆಳೆಯರ ಬೆಂಬಲ, ಕೊನೆಯದು ಸ್ವಕಲಿಕೆ. ಇಂಡಿಯ ಸರ್ ಹೇಳಿದ ಗ್ಯಾಂಗಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ: ಮಾರ್ಚ್‌ನಲ್ಲಿ ಬಂದ ಮಗು ಅಕ್ಟೋಬರಿನಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ಆದರೆ ಈ ವಿಧಾನಕ್ಕೆ ತನ್ನದೇ ಆದ ಅಳತೆಯಿದೆ. ನನ್ನ ಕೊಠಡಿಯಲ್ಲಿ 22 ಮಕ್ಕಳಿದ್ದ ವರ್ಷ ನಾನು ಶಿಕ್ಷಕ ತಟ್ಟೆಯಲ್ಲಿ ಕುಳಿತಾಗ ಉಳಿದ ತಟ್ಟೆಗಳ ಗದ್ದಲವನ್ನು ಕಿವಿಯಿಂದಲೇ ಅರ್ಥಮಾಡಿಕೊಳ್ಳುತ್ತಿದ್ದೆ. ಯಾವುದು ಓದಿನ ಗದ್ದಲ, ಯಾವುದು ಜಗಳದ್ದು ಎಂದು ಗೊತ್ತಾಗುತ್ತಿತ್ತು. 41 ಮಕ್ಕಳಿದ್ದ ವರ್ಷ ಶಿಕ್ಷಕ ತಟ್ಟೆಯೊಂದರಲ್ಲಿಯೇ ಹದಿಮೂರು ಮಕ್ಕಳು ಸರದಿ ಕಾಯುತ್ತಿದ್ದರು. ಕಾದು ಬೇಸತ್ತ ಮಕ್ಕಳು ಮುಗಿಸಿದ ಕಾರ್ಡನ್ನೇ ಮತ್ತೆ ತಂದು ತೋರಿಸುತ್ತಿದ್ದರು. ಮಕ್ಕಳ ಪ್ರಗತಿ ಗುರುತಿಸುವ ಪ್ರಗತಿ ನೋಟ ತುಂಬಿತ್ತು, ಕಲಿಕೆ ನಿಂತಿತ್ತು. ಒಂದೇ ತರಗತಿಯ 41 ಮಕ್ಕಳಿಗೆ ಹಲಗೆಯ ಮುಂದೆ ನಿಂತು ಹೇಗೋ ಪಾಠ ಮಾಡಬಹುದು. ಮಿಶ್ರ ತರಗತಿಯ 41 ಮಕ್ಕಳಿಗೆ ಹಾಗೆ ಮಾಡಲಾಗುವುದಿಲ್ಲ. ಮಿಶ್ರ ತರಗತಿಯ ಮಿತಿ ಸಾಮಾನ್ಯ ತರಗತಿಯ ಮಿತಿಗಿಂತ ಕಡಿಮೆ ಇರಬೇಕೆಂಬುದು ನನ್ನ ವಾದ.

ನಾಲ್ಕನೆಯ ತರಗತಿಗೆ ಕಾಲಿಟ್ಟೊಡನೆ ಏಣಿ, ಕಾರ್ಡು, ತಟ್ಟೆ ಎಲ್ಲವೂ ಮಾಯವಾಗಿ ಪಠ್ಯಪುಸ್ತಕ ಕೈಗೆ ಬರುತ್ತದೆ. ಅಕ್ಕೋರು ಅನುಭವಿಸುತ್ತಿರುವುದು ಇದನ್ನೇ. ಮೂರನೆಯವರೆಗೆ ಮಿಶ್ರ ತರಗತಿಗೆಂದೇ ಮಾಡಿದ ಸಾಮಗ್ರಿ ಇದೆ. ನಾಲ್ಕು ಐದಕ್ಕೆ ಮಿಶ್ರ ತರಗತಿ ಮಾತ್ರ ಇದೆ, ಸಾಮಗ್ರಿ ಇಲ್ಲ.

ಶಿಕ್ಷಣಶಾಸ್ತ್ರದ ವಿದ್ಯಾರ್ಥಿನಿ, ವಿಜಯಪುರ

ಹುನಗುಂದದ ಸರ್ ಅವರ ವಾದಕ್ಕೆ ಹೊರಗಿನ ಒಂದು ಆಧಾರವಿದೆ. ಸ್ಕಾಟ್ಲೆಂಡಿನಲ್ಲಿ ಪ್ರಾಥಮಿಕ ಒಂದನೆಯ ತರಗತಿಗೆ 25, ಎರಡು ಮತ್ತು ಮೂರಕ್ಕೆ 30, ನಾಲ್ಕರಿಂದ ಏಳಕ್ಕೆ 33 ಮಕ್ಕಳ ಮಿತಿ ಇದೆ. ಆದರೆ ಎರಡು ತರಗತಿಗಳನ್ನು ಕೂಡಿಸಿದ ಕೊಠಡಿಯಾದರೆ ಯಾವ ಹಂತವೇ ಆಗಿರಲಿ, ಮಿತಿ 25. ಕೂಡಿಸಿದಾಗ ಸಂಖ್ಯೆ ಇಳಿಯಬೇಕು ಎಂಬ ತತ್ವವನ್ನು ಅಲ್ಲಿ ಲಿಖಿತವಾಗಿಯೇ ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಆಗುವುದು ತಿರುಗಾಮುರುಗಾ: ಸಂಖ್ಯೆ ಇಳಿದದ್ದಕ್ಕೆ ಶಿಕ್ಷೆಯಾಗಿ ತರಗತಿಗಳನ್ನು ಕೂಡಿಸುತ್ತೇವೆ.

ತರಗತಿಯ ಗಾತ್ರದ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಟೆನೆಸ್ಸಿ ರಾಜ್ಯದ್ದು. 1985ರಲ್ಲಿ ಆರಂಭವಾಗಿ ನಾಲ್ಕು ವರ್ಷ ನಡೆದ ಅದರಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು 13ರಿಂದ 17 ಮಕ್ಕಳ ತರಗತಿಗೆ, ಕೆಲವರನ್ನು 22ರಿಂದ 25 ಮಕ್ಕಳ ತರಗತಿಗೆ, ಇನ್ನು ಕೆಲವರನ್ನು ಅಷ್ಟೇ ದೊಡ್ಡದಾದರೂ ಸಹಾಯಕರಿರುವ ತರಗತಿಗೆ ಹಾಕಿದರು. ಸಣ್ಣ ತರಗತಿಯ ಮಕ್ಕಳು ಮುಂದಿದ್ದರು. ಸಹಾಯಕರನ್ನು ಕೊಟ್ಟದ್ದರಿಂದ ಹೇಳಿಕೊಳ್ಳುವಂತಹ ಲಾಭ ಆಗಲಿಲ್ಲ. ಆದರೆ ಅವರ "ದೊಡ್ಡ" ತರಗತಿಯೇ ನಮ್ಮ ಅಥಣಿ ಅಕ್ಕೋರ ಕೊಠಡಿಯಷ್ಟಿದೆ. ಆದ್ದರಿಂದ ಆ ಅಂಕಿಗಳನ್ನು ಎತ್ತಿ ತಂದು ನಮ್ಮಲ್ಲಿ ನೆಡುವುದು ಸರಿಯಲ್ಲ.

ನಮಗೆ ಹತ್ತಿರದ್ದು ಮುಂಬಯಿ ಮತ್ತು ವಡೋದರಾದಲ್ಲಿ 2001ರಿಂದ ನಡೆದ ಬಾಲಸಖಿ ಪ್ರಯೋಗ. ಹಿಂದುಳಿದ ಸುಮಾರು 20 ಮಕ್ಕಳನ್ನು ಶಾಲೆಯ ಅವಧಿಯಲ್ಲಿಯೇ ಎರಡು ಗಂಟೆ ಹೊರಗೆ ಕರೆದೊಯ್ದು, ಸ್ಥಳೀಯ ಯುವತಿಯೊಬ್ಬಳು ಅವರ ಮಟ್ಟಕ್ಕೆ ತಕ್ಕ ಓದು ಮತ್ತು ಲೆಕ್ಕ ಕಲಿಸುತ್ತಿದ್ದಳು. ಆ ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು. ಆದರೆ ಆ ಎರಡು ಗಂಟೆ ಮೂಲ ಕೊಠಡಿಯಲ್ಲಿ ಉಳಿದ ಮಕ್ಕಳಿಗೆ, ತರಗತಿ ಸಣ್ಣದಾದದ್ದರಿಂದ ಮಾತ್ರ, ಗಮನಿಸುವಂತಹ ಲಾಭ ಕಾಣಲಿಲ್ಲ. ಸಂಖ್ಯೆ ಇಳಿಸಿ ಪಾಠದ ರೀತಿ ಹಾಗೆಯೇ ಉಳಿಸಿಕೊಂಡರೆ ಹೆಚ್ಚೇನೂ ಬದಲಾಗುವುದಿಲ್ಲ ಎಂಬ ಅರ್ಥ ಇದಕ್ಕೆ ಬರುತ್ತದೆ. ಮನವಿಯಲ್ಲಿ ಶಿಕ್ಷಕರನ್ನು ಕೇಳುವ ಜೊತೆಗೆ ನಾಲ್ಕು ಮತ್ತು ಐದಕ್ಕೆ ಮಿಶ್ರ ತರಗತಿಯ ಸಾಮಗ್ರಿಯನ್ನೂ ಕೇಳಬೇಕೆಂಬುದು ಈ ಕಾರಣದಿಂದ.

ಇನ್ನೊಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ ಮೊದಲ ತರಗತಿಗಳನ್ನು 20 ಮಕ್ಕಳಿಗೆ ಇಳಿಸುವ ಯೋಜನೆ ಒಮ್ಮೆಲೇ ಬಂದಾಗ ಶಿಕ್ಷಕರೂ ಕೊಠಡಿಗಳೂ ಸಾಲದೆ, ಪೂರ್ಣ ಅರ್ಹತೆಯಿಲ್ಲದವರನ್ನು ನೇಮಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಅದೇ ಆದರೆ ಭಾರ ಬೀಳುವುದು ಅತಿಥಿ ಶಿಕ್ಷಕರ ಮೇಲೆ.

ಅತಿಥಿ ಶಿಕ್ಷಕಿ, ಖಾನಾಪುರ ತಾಲ್ಲೂಕು

ಕೊನೆಯ ಸಾಲಿಗೆ ನನ್ನ ಅನುಮೋದನೆ ಇದೆ. ನಾನು ಕಾಡಂಚಿನ ಒಂದು ಶಾಲೆಯಲ್ಲಿದ್ದೇನೆ. ಮಕ್ಕಳು ಹದಿನಾರು, ತರಗತಿ ಐದು. ಮಳೆಗಾಲದಲ್ಲಿ ಹಳ್ಳ ಬಂದರೆ ಆ ದಿನ ನಾನೊಬ್ಬಳೇ ಶಿಕ್ಷಕಿ, ಏಕೆಂದರೆ ಆ ಊರಿನಲ್ಲಿಯೇ ಇರುವವಳು ನಾನೊಬ್ಬಳೇ. ಮನೆಯಲ್ಲಿ ಮಕ್ಕಳು ಮರಾಠಿ ಅಥವಾ ಕೊಂಕಣಿ ಮಾತಾಡುತ್ತಾರೆ, ಪುಸ್ತಕ ಕನ್ನಡದ್ದು. ಹದಿನಾರು ಮಕ್ಕಳೆಂದರೆ ಏನು ಕಷ್ಟ ಎನ್ನುವವರು ಒಂದು ದಿನ ಬಂದು ಹೋಗಬೇಕು. ಬಾಗಲಕೋಟೆಯ ಸಾಹೇಬರ ಕೂಡಿಸುವ ಯೋಜನೆಗೆ ನಮ್ಮಲ್ಲಿ ಕೂಡಿಸಲು ಪಕ್ಕದ ಶಾಲೆಯೇ ಇಲ್ಲ.

ತೋಟದ ಶಾಲೆಯ ಶಿಕ್ಷಕಿ, ಅಥಣಿ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಮನವಿಯ ಮುಖ್ಯ ಸಾಲನ್ನು ಹೀಗೆ ಬರೆದಿದ್ದೇನೆ: "ಒಂದರಿಂದ ಐದನೆಯ ತರಗತಿಯ ಶಾಲೆಗಳಲ್ಲಿ ನಲಿ-ಕಲಿ ಘಟಕವನ್ನು ಹೊರತುಪಡಿಸಿ ಒಬ್ಬ ಶಿಕ್ಷಕರಿಗೆ ಎರಡಕ್ಕಿಂತ ಹೆಚ್ಚು ತರಗತಿಗಳನ್ನು ವಹಿಸಬಾರದು." ತಿದ್ದುಪಡಿ ಇದ್ದರೆ ತಿಳಿಸಿರಿ.

ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಇಂಡಿ ತಾಲ್ಲೂಕು

ಅಕ್ಕೋರೆ, ನೊಂದುಕೊಳ್ಳಬಾರದು. ಈ ಸಾಲನ್ನು ಮೇಲಿನವರು ಓದಿದರೆ, "ನಿಮ್ಮ ಶಾಲೆಯಲ್ಲಿ ಈಗ ಇರುವುದು ಇದೇ ಅಲ್ಲವೇ" ಎಂದು ನಕ್ಕು ಕಡತ ಮುಚ್ಚುತ್ತಾರೆ. ನಲಿ-ಕಲಿಗೆ ಒಬ್ಬರು, ನಾಲ್ಕು ಐದಕ್ಕೆ ನೀವು. ನಿಮ್ಮ ಬೇಡಿಕೆ ಈಗಾಗಲೇ ಈಡೇರಿದೆ. ತರಗತಿಯ ಮಿತಿ ಮತ್ತು ತಲೆಯ ಮಿತಿ ಎರಡೂ ಒಂದೇ ಸಾಲಿನಲ್ಲಿ ಇರಬೇಕು. ಹುನಗುಂದದ ಸರ್ ಹೇಳಿದಂತೆ ಮಿಶ್ರ ಕೊಠಡಿಗೆ ಬೇರೆ, ಕಡಿಮೆ ಮಿತಿ ಕೇಳಿರಿ.

ನಿವೃತ್ತ ಮುಖ್ಯಗುರು, ಜಮಖಂಡಿ

ಇನ್ನೊಂದು ಸೇರಿಸಿರಿ. ಐದು ಮಕ್ಕಳು ಕಡಿಮೆಯಾದರೆಂದು ಅದೇ ವರ್ಷ ಶಿಕ್ಷಕರನ್ನು ಎತ್ತುವ ಪದ್ಧತಿಯಿಂದ ಶಾಲೆ ಮತ್ತೆ ಮೇಲೇಳುವುದೇ ಇಲ್ಲ. ಶಿಕ್ಷಕರು ಹೋದರೆಂದು ಪಾಲಕರು ಇನ್ನೂ ನಾಲ್ಕು ಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಯ ಗಾಡಿಗೆ ಹತ್ತಿಸುತ್ತಾರೆ. ಮುಂದಿನ ವರ್ಷದ ಎಣಿಕೆ ಇನ್ನೂ ಕೆಳಗೆ. ನನ್ನ ಸೇವೆಯಲ್ಲಿ ಇದನ್ನು ಎರಡು ಶಾಲೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಒಂದು ದಿನದ ಎಣಿಕೆಯ ಬದಲು ಮೂರು ವರ್ಷಗಳ ಸರಾಸರಿ ಹಿಡಿಯಬೇಕೆಂದು ಕೇಳಿರಿ.

ಇಬ್ಬರು ಮಕ್ಕಳ ತಾಯಿ, ಬೆಳಗಾವಿ ನಗರ

ನಗರದ ಶಾಲೆಗಳಿಗಾಗಿ ಒಂದೇ ಒಂದು ಮಾತು ಸೇರಿಸಲು ಸಾಧ್ಯವೇ? ಪ್ರಮಾಣವನ್ನು ಇಡೀ ಶಾಲೆಗೆ ತೋರಿಸದೆ ವಿಭಾಗವಾರು ತೋರಿಸಿ, ಶಾಲೆಯ ಫಲಕದಲ್ಲಿ ಬರೆಯಬೇಕು. ಅಷ್ಟು ಮಾಡಿದರೂ ನಮ್ಮಂಥವರಿಗೆ ಪ್ರಶ್ನೆ ಕೇಳಲು ಒಂದು ಆಧಾರ ಸಿಗುತ್ತದೆ.

ತೋಟದ ಶಾಲೆಯ ಶಿಕ್ಷಕಿ, ಅಥಣಿ ತಾಲ್ಲೂಕು

ಇಂಡಿಯ ಸರ್ ಹೇಳಿದ್ದು ನೂರಕ್ಕೆ ನೂರು ನಿಜ; ನನ್ನ ಬೇಡಿಕೆಯಿಂದ ನನ್ನ ಶಾಲೆಗೇ ಏನೂ ಸಿಗುತ್ತಿರಲಿಲ್ಲ. ತಿದ್ದಿದ್ದೇನೆ. ಮಿಶ್ರ ತರಗತಿಯ ಕೊಠಡಿಯಲ್ಲಿ 25ಕ್ಕಿಂತ ಹೆಚ್ಚು ಮಕ್ಕಳಿರಬಾರದು. ಅದರಂತೆ ಇಬ್ಬರು ಶಿಕ್ಷಕರ ಶಾಲೆಯ ಗರಿಷ್ಠ ಸಂಖ್ಯೆ 50 ಆಗಿ, 51ನೆಯ ಮಗುವಿಗೆ ಮೂರನೆಯ ಶಿಕ್ಷಕರು ಬರಬೇಕು. ಮೂವರಿದ್ದರೆ ದೊಡ್ಡ ಮಿಶ್ರ ಕೊಠಡಿಯನ್ನು ಎರಡಾಗಿ ಒಡೆಯಬಹುದು. ಹೆಚ್ಚುವರಿ ಗುರುತಿಸಲು ಮೂರು ವರ್ಷಗಳ ಸರಾಸರಿ; ಒಬ್ಬ ಶಿಕ್ಷಕರು ಮೂರು ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಪಕ್ಕದ ಶಾಲೆಯಿಂದ ನಿಯೋಜನೆ; ನಾಲ್ಕು ಐದಕ್ಕೆ ಮಿಶ್ರ ತರಗತಿಯ ಸಾಮಗ್ರಿ; ವಿಭಾಗವಾರು ಫಲಕ. ಶಾಲೆಗಳನ್ನು ಕೂಡಿಸುವ ವಿಷಯವನ್ನು ಇದರಲ್ಲಿ ಸೇರಿಸಿಲ್ಲ. ಅದು ಬೇರೆಯೇ ಜಗಳ, ಒಂದು ಕಾಗದದಲ್ಲಿ ಎರಡು ಜಗಳ ಬೇಡ.

ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಇಂಡಿ ತಾಲ್ಲೂಕು

ಈಗ ಸರಿಯಾಯಿತು. ಆದರೆ ಮನವಿಯ ಜೊತೆಗೆ ಪುರಾವೆ ಬೇಕು. ನಿಮ್ಮ ನಿಮ್ಮ ವೇಳಾಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಸಿಕೊಂಡು, ದಿನಕ್ಕೆ ಯಾವ ತರಗತಿಗೆ ಎಷ್ಟು ನಿಮಿಷ ನೀವು ಎದುರಿಗೆ ನಿಂತು ಕಲಿಸಿದಿರಿ ಎಂಬುದನ್ನು ನಾಲ್ಕು ವಾರ ಬರೆಯಿರಿ. ಹುನಗುಂದ, ಖಾನಾಪುರದವರೂ ಬರೆಯಲಿ. ನಮ್ಮ ಕ್ಲಸ್ಟರಿನ ಆರು ಶಾಲೆಗಳಲ್ಲಿ ನಾನು ಬರೆಸುತ್ತೇನೆ, ಮುಂದಿನ ಸಮಾಲೋಚನಾ ಸಭೆಯಲ್ಲಿ ಮಂಡಿಸುತ್ತೇನೆ.

ತೋಟದ ಶಾಲೆಯ ಶಿಕ್ಷಕಿ, ಅಥಣಿ ತಾಲ್ಲೂಕು

ಆಗಲಿ ಸರ್, ಸೋಮವಾರದಿಂದ ಆರಂಭಿಸುತ್ತೇನೆ. ನನ್ನ ಸಹೋದ್ಯೋಗಿಗೆ ಆ ವಾರ ಐದು ದಿನದ ತರಬೇತಿಯಿದೆ; ಆದ್ದರಿಂದ ಮೊದಲ ವಾರದ ಪಟ್ಟಿಯಲ್ಲಿ ಐದೂ ತರಗತಿಗಳು ನನ್ನ ಹೆಸರಿನಲ್ಲಿಯೇ ಇರುತ್ತವೆ.